ಅಗ್ಗದ ಬಾಳೆಹಣ್ಣಿನ ನಿಜ ಬೆಲೆ ತೆರುವವರು ಯಾರು? ಆಮದು ಹಣ್ಣು ಮತ್ತು ಸೂಪರ್‌ಮಾರ್ಕೆಟ್‌ಗಳ ಹೊಣೆ

ಬ್ರಿಟನ್‌ನಲ್ಲಿ ಬಾಳೆ ಬೆಳೆಯುವುದಿಲ್ಲ. ಆ ದೇಶದ ಮಳಿಗೆಗಳಿಗೆ ಅದು ಕೊಲಂಬಿಯಾ, ಕೋಸ್ಟರಿಕಾ, ಇಕ್ವೆಡಾರ್, ಡೊಮಿನಿಕನ್ ಗಣರಾಜ್ಯಗಳಿಂದ ಅಟ್ಲಾಂಟಿಕ್ ಸಾಗರ ದಾಟಿ ಬರಬೇಕು. ಆದರೂ ಅಲ್ಲಿನ ಸೂಪರ್‌ಮಾರ್ಕೆಟ್‌ಗಳಲ್ಲಿ ಸ್ಥಳೀಯವಾಗಿ ಬೆಳೆದ ಸೇಬಿಗಿಂತ ಬಾಳೆಹಣ್ಣೇ ಸಾಮಾನ್ಯವಾಗಿ ಅಗ್ಗ. ಈ ಅಗ್ಗದ ಬೆಲೆ ಸಾಧ್ಯವಾಗುವುದು ಹೇಗೆ, ಅದರ ಭಾರ ಯಾರ ಮೇಲೆ ಬೀಳುತ್ತದೆ, ಹಣ್ಣು ಮಾರುವ ಮಳಿಗೆಗೆ ಅದನ್ನು ಬೆಳೆದವರ ಬಗ್ಗೆ ಎಷ್ಟರ ಮಟ್ಟಿನ ಹೊಣೆ ಇದೆ ಎಂಬ ಪ್ರಶ್ನೆಗಳು ಕಳೆದ ಮೂರು ದಶಕಗಳಿಂದ ಯುರೋಪಿನಲ್ಲಿ ಚರ್ಚೆಯಲ್ಲಿವೆ. ಆಮದು ಹಣ್ಣುಗಳು ಕರ್ನಾಟಕದ ನಗರಗಳ ಮಳಿಗೆಗಳಲ್ಲೂ ಸಾಮಾನ್ಯವಾಗಿರುವ ಇಂದು ಈ ಚರ್ಚೆಯ ಹಿನ್ನೆಲೆಯನ್ನು ಅರಿಯುವುದು ಉಪಯುಕ್ತ.

ವ್ಯಾಪಾರದ ಗಾತ್ರ

ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 13 ಕೋಟಿ ಟನ್ ಬಾಳೆಹಣ್ಣು ಬೆಳೆಯಲಾಗುತ್ತದೆ. ಇದರಲ್ಲಿ ಸುಮಾರು ಕಾಲು ಭಾಗ ಭಾರತದ್ದೇ. ಆದರೆ ಭಾರತದ ಬೆಳೆ ಬಹುಪಾಲು ದೇಶದೊಳಗೇ ಖರ್ಚಾಗುತ್ತದೆ. ಅಂತರರಾಷ್ಟ್ರೀಯ ಮಾರುಕಟ್ಟೆಗೆ ಬರುವುದು ವರ್ಷಕ್ಕೆ ಸುಮಾರು 2 ಕೋಟಿ ಟನ್. ಇಕ್ವೆಡಾರ್ ಅತಿದೊಡ್ಡ ರಫ್ತುದಾರ ದೇಶ. ಫಿಲಿಪ್ಪೀನ್ಸ್, ಕೋಸ್ಟರಿಕಾ, ಗ್ವಾಟೆಮಾಲಾ, ಕೊಲಂಬಿಯಾ ನಂತರದ ಪ್ರಮುಖ ದೇಶಗಳು.

ರಫ್ತಾಗುವ ಹಣ್ಣು ಬಹುತೇಕ ಒಂದೇ ಜಾತಿಯದು, ಕ್ಯಾವೆಂಡಿಶ್. ನಮ್ಮಲ್ಲಿ ಪಚ್ಚಬಾಳೆ ಎಂದು ಕರೆಯುವ ಹಣ್ಣು ಇದೇ ಗುಂಪಿಗೆ ಸೇರಿದ್ದು. ಗೊನೆಯನ್ನು ಹಸಿರಿರುವಾಗಲೇ ಕಡಿದು, ಚಿಪ್ಪುಗಳಾಗಿ ಬಿಡಿಸಿ, ತೊಳೆದು, 18.14 ಕೆ.ಜಿ. ತೂಕದ ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬಲಾಗುತ್ತದೆ. ಹಡಗಿನಲ್ಲಿ 13ರಿಂದ 14 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಸಾಗಿಸಿದ ಕಾಯಿಯನ್ನು ಆಮದು ದೇಶದ ಮಾಗಿಸುವ ಕೋಣೆಗಳಲ್ಲಿ ಎಥಿಲೀನ್ ಅನಿಲ ಹಾಯಿಸಿ ಹಣ್ಣು ಮಾಡುತ್ತಾರೆ. ಈ ಪೆಟ್ಟಿಗೆಯೇ ಇಡೀ ವ್ಯಾಪಾರದ ಲೆಕ್ಕದ ಘಟಕ. ಬೆಳೆಗಾರನ ದರ, ಹಡಗಿನ ಬಾಡಿಗೆ, ಪ್ರಮಾಣೀಕರಣದ ಹೆಚ್ಚುವರಿ ಹಣ ಎಲ್ಲವೂ ಪೆಟ್ಟಿಗೆಯ ಲೆಕ್ಕದಲ್ಲೇ ನಿಗದಿಯಾಗುತ್ತವೆ.

ಹಣ್ಣಿನ ಕಂಪನಿಗಳಿಂದ ಮಳಿಗೆಗಳ ಕೈಗೆ

20ನೇ ಶತಮಾನದ ಬಹುಭಾಗ ಈ ವ್ಯಾಪಾರವನ್ನು ಆಳಿದ್ದು ಅಮೆರಿಕದ ಹಣ್ಣಿನ ಕಂಪನಿಗಳು. 1899ರಲ್ಲಿ ಸ್ಥಾಪನೆಯಾದ ಯುನೈಟೆಡ್ ಫ್ರೂಟ್ ಕಂಪನಿ ಮಧ್ಯ ಅಮೆರಿಕದಲ್ಲಿ ತೋಟ, ರೈಲುಮಾರ್ಗ, ಬಂದರು, ಹಡಗುಗಳೆಲ್ಲವನ್ನೂ ಹೊಂದಿತ್ತು. 1928ರಲ್ಲಿ ಕೊಲಂಬಿಯಾದ ಸಿಯೆನಾಗಾದಲ್ಲಿ ಈ ಕಂಪನಿಯ ಮುಷ್ಕರನಿರತ ಕಾರ್ಮಿಕರ ಮೇಲೆ ಸೇನೆ ಗುಂಡು ಹಾರಿಸಿತು. ಗ್ವಾಟೆಮಾಲಾದಲ್ಲಿ ಕಂಪನಿಯ ಪಾಳು ಭೂಮಿಯನ್ನು ಸ್ವಾಧೀನಪಡಿಸಿಕೊಂಡ ಅಧ್ಯಕ್ಷ ಹಾಕೊಬೊ ಆರ್ಬೆನ್ಸ್ ಅವರ ಚುನಾಯಿತ ಸರ್ಕಾರ 1954ರಲ್ಲಿ ಅಮೆರಿಕದ ಬೇಹುಗಾರಿಕಾ ಸಂಸ್ಥೆ ಸಿಐಎ ಬೆಂಬಲಿತ ದಂಗೆಯಲ್ಲಿ ಪತನವಾಯಿತು.

ಇದೇ ಕಂಪನಿ ಮುಂದೆ ಚಿಕ್ವಿಟಾ ಎಂದು ಹೆಸರು ಬದಲಿಸಿಕೊಂಡಿತು. ಕೊಲಂಬಿಯಾದ ಎಯುಸಿ ಎಂಬ ಅರೆಸೇನಾ ಪಡೆಗೆ 1997ರಿಂದ 2004ರವರೆಗೆ ಹಣ ನೀಡಿದ್ದನ್ನು ಅದು 2007ರಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ಒಪ್ಪಿಕೊಂಡು 2.5 ಕೋಟಿ ಡಾಲರ್ ದಂಡ ತೆತ್ತಿತು. ಆ ಪಡೆಯಿಂದ ಹತರಾದ ಎಂಟು ಜನರ ಕುಟುಂಬಗಳಿಗೆ 3.83 ಕೋಟಿ ಡಾಲರ್ ಪರಿಹಾರ ನೀಡಬೇಕೆಂದು 2024ರ ಜೂನ್‌ನಲ್ಲಿ ಫ್ಲಾರಿಡಾದ ಫೆಡರಲ್ ನ್ಯಾಯಾಲಯದ ತೀರ್ಪುಗಾರರ ಮಂಡಳಿ ನಿರ್ಣಯಿಸಿತು.

ಆದರೆ 1990ರ ದಶಕದಿಂದ ವ್ಯಾಪಾರದ ಲಗಾಮು ಈ ಕಂಪನಿಗಳಿಂದ ಸೂಪರ್‌ಮಾರ್ಕೆಟ್ ಸರಣಿಗಳ ಕೈಗೆ ಜಾರತೊಡಗಿತು. ಬ್ರಿಟನ್, ಜರ್ಮನಿ ಮುಂತಾದ ದೇಶಗಳಲ್ಲಿ ದಿನಸಿ ವಹಿವಾಟಿನ ಸಿಂಹಪಾಲು ಬೆರಳೆಣಿಕೆಯ ಸರಣಿಗಳಲ್ಲಿ ಕೇಂದ್ರೀಕೃತವಾಯಿತು. ಸಾವಿರಾರು ಬೆಳೆಗಾರರು ಒಂದು ಕಡೆ, ಲಕ್ಷಾಂತರ ಗ್ರಾಹಕರು ಇನ್ನೊಂದು ಕಡೆ, ನಡುವೆ ಕೆಲವೇ ಖರೀದಿದಾರರು ಎಂಬ ಸ್ಥಿತಿ ಉಂಟಾಯಿತು. ಕಾಯಿಯ ಉದ್ದ, ಸಿಪ್ಪೆಯ ಮೇಲಿನ ಕಲೆ, ಪೆಟ್ಟಿಗೆಯ ವಿನ್ಯಾಸ, ಪೂರೈಕೆಯ ದಿನ, ಹಣ ಪಾವತಿಯ ಅವಧಿ ಇವೆಲ್ಲವನ್ನೂ ನಿರ್ಧರಿಸುವ ಶಕ್ತಿ ಖರೀದಿದಾರನದಾಯಿತು. ಜರ್ಮನಿಯ ಆಲ್ಡಿ ಸರಣಿ ಬಾಳೆಹಣ್ಣಿಗೆ ಕೊಡುವ ದರವನ್ನು ಯುರೋಪಿನ ವರ್ತಕರು ಬಹುಕಾಲ ಇಡೀ ಮಾರುಕಟ್ಟೆಯ ಸೂಚಕವಾಗಿ ಪರಿಗಣಿಸಿದ್ದು ಈ ಬದಲಾವಣೆಗೆ ನಿದರ್ಶನ.

ಬೆಲೆ ಸಮರ

ಬಾಳೆಹಣ್ಣು ಬಹುತೇಕ ಪ್ರತಿ ಮನೆಯೂ ವಾರವಾರ ಕೊಳ್ಳುವ ವಸ್ತು. ಅದರ ಬೆಲೆ ಗ್ರಾಹಕರ ನೆನಪಿನಲ್ಲಿರುತ್ತದೆ. ಹೀಗಾಗಿ ‘ನಮ್ಮಲ್ಲಿ ಎಲ್ಲವೂ ಅಗ್ಗ’ ಎಂದು ಸಾರಲು ಮಳಿಗೆಗಳು ಮೊದಲು ಇಳಿಸುವುದು ಬಾಳೆಹಣ್ಣಿನ ಬೆಲೆಯನ್ನು. ಅಮೆರಿಕದ ವಾಲ್‌ಮಾರ್ಟ್ 1999ರಲ್ಲಿ ಬ್ರಿಟನ್‌ನ ಆಸ್ಡಾ ಸರಣಿಯನ್ನು ಕೊಂಡ ನಂತರ ಈ ಪೈಪೋಟಿ ತೀವ್ರವಾಯಿತು. 2002ರಲ್ಲಿ ಆಸ್ಡಾ ಒಂದೇ ಪೂರೈಕೆದಾರ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡು ಬೆಲೆ ಇಳಿಸಿದಾಗ ಉಳಿದ ಸರಣಿಗಳೂ ಅದೇ ಹಾದಿ ಹಿಡಿದವು.

ಬ್ರಿಟನ್‌ನ ಫೇರ್‌ಟ್ರೇಡ್ ಪ್ರತಿಷ್ಠಾನ 2014ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಸುಮಾರು ಒಂದು ದಶಕದ ಅವಧಿಯಲ್ಲಿ ಬಿಡಿ ಬಾಳೆಹಣ್ಣಿನ ಚಿಲ್ಲರೆ ಬೆಲೆ 18 ಪೆನ್ಸ್‌ನಿಂದ 11 ಪೆನ್ಸ್‌ಗೆ ಕುಸಿಯಿತು. ಅದೇ ಅವಧಿಯಲ್ಲಿ ಬೆಳೆಯುವ ವೆಚ್ಚ ಇಮ್ಮಡಿಯಾಯಿತು.

ಬೆಲೆ ಇಳಿಕೆಯ ನಷ್ಟವನ್ನು ತಾವೇ ಭರಿಸುತ್ತೇವೆ, ಬೆಳೆಗಾರರ ಮೇಲೆ ಹೊರಿಸುವುದಿಲ್ಲ ಎಂಬುದು ಸರಣಿಗಳ ಸಾಮಾನ್ಯ ವಾದ. ಕಡಿಮೆ ಆದಾಯದ ಕುಟುಂಬಗಳಿಗೆ ಅಗ್ಗದ ದರದಲ್ಲಿ ಹಣ್ಣು ಸಿಗುವುದು ಒಳ್ಳೆಯದೇ ಎಂದೂ ಅವು ಹೇಳುತ್ತವೆ. ಈ ಎರಡನೆಯ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಚಿಲ್ಲರೆ ಬೆಲೆ ವರ್ಷಗಟ್ಟಲೆ ತಳಮಟ್ಟದಲ್ಲೇ ಉಳಿದರೆ ಮುಂದಿನ ವರ್ಷದ ಖರೀದಿ ಚೌಕಾಸಿ ಅದೇ ಮಟ್ಟದಿಂದ ಆರಂಭವಾಗುತ್ತದೆ ಎಂಬುದು ಬೆಳೆಗಾರರ ಸಂಘಟನೆಗಳ ಆಕ್ಷೇಪ. ಮಾರಾಟ ಬೆಲೆಯಲ್ಲಿ ತೋಟದ ಕಾರ್ಮಿಕನಿಗೆ ತಲುಪುವ ಪಾಲು ಶೇ 10ಕ್ಕಿಂತ ಕಡಿಮೆ, ಚಿಲ್ಲರೆ ಮಾರಾಟಗಾರರ ಪಾಲು ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಎಂದು ಯುರೋಪ್ ಮಾರುಕಟ್ಟೆ ಕುರಿತ ಅಧ್ಯಯನಗಳು ಅಂದಾಜಿಸಿವೆ.

ಬೆಲೆ ಸಮರದ ಮೊದಲ ಪೆಟ್ಟು ತಿಂದವರಲ್ಲಿ ಕೆರಿಬಿಯನ್‌ನ ವಿಂಡ್‌ವರ್ಡ್ ದ್ವೀಪಗಳ ಸಣ್ಣ ರೈತರೂ ಸೇರಿದ್ದಾರೆ. ಹಿಂದಿನ ವಸಾಹತುಗಳ ಹಣ್ಣಿಗೆ ಯುರೋಪಿಯನ್ ಒಕ್ಕೂಟ 1993ರಲ್ಲಿ ನೀಡಿದ್ದ ರಕ್ಷಣೆಯನ್ನು ಅಮೆರಿಕ ಮತ್ತು ಲ್ಯಾಟಿನ್ ಅಮೆರಿಕದ ದೇಶಗಳು ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಪ್ರಶ್ನಿಸಿದವು. 2009ರಲ್ಲಿ ಒಪ್ಪಂದವಾಗಿ 2012ರಲ್ಲಿ ವ್ಯಾಜ್ಯ ಮುಗಿಯುವ ವೇಳೆಗೆ ಇಳಿಜಾರಿನ ತುಂಡು ಭೂಮಿಯಲ್ಲಿ ಬಾಳೆ ಬೆಳೆಯುತ್ತಿದ್ದ ಸಾವಿರಾರು ಕುಟುಂಬಗಳು ಬೇಸಾಯ ಬಿಟ್ಟಿದ್ದವು. ಉಳಿದವರಲ್ಲಿ ಹಲವರಿಗೆ ಆಸರೆಯಾದದ್ದು ಫೇರ್‌ಟ್ರೇಡ್ ಮಾರುಕಟ್ಟೆ.

ತೋಟದೊಳಗಿನ ಸ್ಥಿತಿ

ಬೆಲೆಯ ಒತ್ತಡ ಎಲ್ಲಿ ತಟ್ಟುತ್ತದೆ ಎಂಬುದಕ್ಕೆ ಎರಡು ವಿಷಯಗಳು ಮುಖ್ಯ: ಕೂಲಿ ಮತ್ತು ರಾಸಾಯನಿಕ. ಇಕ್ವೆಡಾರ್‌ನ ಬಾಳೆ ತೋಟಗಳಲ್ಲಿ ಮಕ್ಕಳ ದುಡಿಮೆ ಇರುವುದನ್ನೂ ಸಂಘ ಕಟ್ಟಲು ಅಡ್ಡಿಗಳಿರುವುದನ್ನೂ ಹ್ಯೂಮನ್ ರೈಟ್ಸ್ ವಾಚ್ 2002ರಲ್ಲಿ ದಾಖಲಿಸಿತು. ಡೊಮಿನಿಕನ್ ಗಣರಾಜ್ಯದ ತೋಟಗಳಲ್ಲಿ ದುಡಿಯುವವರಲ್ಲಿ ಬಹಳಷ್ಟು ಮಂದಿ ನೆರೆಯ ಹೈಟಿಯಿಂದ ಬಂದ ವಲಸಿಗರು. ಅಧಿಕೃತ ಕಾಗದಪತ್ರಗಳಿಲ್ಲದವರು ಕಡಿಮೆ ಕೂಲಿಯನ್ನು ಪ್ರಶ್ನಿಸಲೂ ಹೆದರುವುದು ಸಹಜ.

ರಾಸಾಯನಿಕಗಳ ಇತಿಹಾಸ ಇನ್ನೂ ಕರಾಳ. ಬೇರಿಗೆ ತಗಲುವ ಜಂತುಹುಳುಗಳನ್ನು ಕೊಲ್ಲಲು ಬಳಸುತ್ತಿದ್ದ ಡಿಬಿಸಿಪಿ ಎಂಬ ರಾಸಾಯನಿಕದಿಂದ ಪುರುಷರಲ್ಲಿ ಬಂಜೆತನ ಉಂಟಾಗುವುದು 1977ರಲ್ಲಿ ಕ್ಯಾಲಿಫೋರ್ನಿಯಾದ ಕಾರ್ಖಾನೆ ಕಾರ್ಮಿಕರಲ್ಲಿ ಪತ್ತೆಯಾಯಿತು. ಅಮೆರಿಕ 1979ರಲ್ಲಿ ಅದರ ಬಹುತೇಕ ಬಳಕೆಯನ್ನು ನಿಷೇಧಿಸಿತು. ಆದರೆ ಮಧ್ಯ ಅಮೆರಿಕದ ತೋಟಗಳಲ್ಲಿ ಅಪಾಯ ತಿಳಿದ ಬಳಿಕವೂ ಬಳಕೆ ಮುಂದುವರಿದು, ಸಾವಿರಾರು ಕಾರ್ಮಿಕರು ನ್ಯಾಯಾಲಯದ ಮೆಟ್ಟಿಲೇರಿದರು. ಫ್ರಾನ್ಸ್‌ನ ಆಡಳಿತಕ್ಕೊಳಪಟ್ಟ ಗ್ವಾಡೆಲೂಪ್ ಮತ್ತು ಮಾರ್ಟಿನಿಕ್ ದ್ವೀಪಗಳಲ್ಲಿ 1972ರಿಂದ 1993ರವರೆಗೆ ಬಳಕೆಯಲ್ಲಿದ್ದ ಕ್ಲೋರ್ಡಿಕೋನ್ ಕೀಟನಾಶಕ ಇಂದಿಗೂ ಅಲ್ಲಿನ ಮಣ್ಣು ಮತ್ತು ನೀರಿನಲ್ಲಿ ಉಳಿದಿದೆ.

ಎಲೆಚುಕ್ಕೆ ರೋಗದ ನಿಯಂತ್ರಣಕ್ಕೆ ವಿಮಾನದಿಂದ ಶಿಲೀಂಧ್ರನಾಶಕ ಸಿಂಪಡಿಸುವ ಪದ್ಧತಿ ಲ್ಯಾಟಿನ್ ಅಮೆರಿಕದ ದೊಡ್ಡ ತೋಟಗಳಲ್ಲಿ ಈಗಲೂ ಇದೆ. ಯುರೋಪಿಯನ್ ಒಕ್ಕೂಟ ತನ್ನ ನೆಲದಲ್ಲಿ ವಿಮಾನ ಸಿಂಪಡಣೆಯನ್ನು 2009ರ ನಿರ್ದೇಶನದ ಮೂಲಕ, ಕೆಲವು ವಿನಾಯಿತಿಗಳ ಹೊರತಾಗಿ, ನಿಷೇಧಿಸಿದೆ. ತನ್ನ ಪ್ರಜೆಗಳ ಮನೆಯ ಮೇಲೆ ಬೀಳಬಾರದೆಂದು ನಿಷೇಧಿಸಿದ ಸಿಂಪಡಣೆಯಿಂದಲೇ ಬೆಳೆದ ಹಣ್ಣನ್ನು ಅದೇ ಮಾರುಕಟ್ಟೆ ಕೊಳ್ಳುತ್ತಿರುವುದು ಈ ವ್ಯಾಪಾರದ ದೊಡ್ಡ ವಿರೋಧಾಭಾಸಗಳಲ್ಲೊಂದು.

ಮುದ್ರೆಗಳ ಆಗಮನ

ಇಂತಹ ಟೀಕೆಗಳಿಗೆ ಮಾರುಕಟ್ಟೆ ಕಂಡುಕೊಂಡ ಮೊದಲ ಉತ್ತರ ಪ್ರಮಾಣೀಕರಣ. 1988ರಲ್ಲಿ ನೆದರ್‌ಲೆಂಡ್ಸ್‌ನಲ್ಲಿ ಕಾಫಿಗಾಗಿ ಆರಂಭವಾದ ನ್ಯಾಯಯುತ ವ್ಯಾಪಾರದ ಮುದ್ರೆ 1996ರಲ್ಲಿ ಬಾಳೆಹಣ್ಣಿಗೂ ಬಂತು. ಬ್ರಿಟನ್‌ನಲ್ಲಿ ಮೊದಲ ಫೇರ್‌ಟ್ರೇಡ್ ಬಾಳೆಹಣ್ಣನ್ನು ಮಾರಿದ್ದು ಕೋ-ಆಪ್ ಸಹಕಾರಿ ಸರಣಿ, 2000ದ ಜನವರಿಯಲ್ಲಿ. ಸೇನ್ಸ್‌ಬರೀಸ್ ಮತ್ತು ವೇಟ್‌ರೋಸ್ ಸರಣಿಗಳು 2007ರಲ್ಲಿ ತಮ್ಮ ಎಲ್ಲ ಬಾಳೆಹಣ್ಣನ್ನೂ ಫೇರ್‌ಟ್ರೇಡ್‌ಗೆ ಬದಲಿಸಿದವು. ಇಂದು ಬ್ರಿಟನ್‌ನಲ್ಲಿ ಮಾರಾಟವಾಗುವ ಬಾಳೆಹಣ್ಣಿನಲ್ಲಿ ಸುಮಾರು ಮೂರರಲ್ಲೊಂದು ಈ ಮುದ್ರೆ ಹೊತ್ತಿರುತ್ತದೆ.

ಈ ವ್ಯವಸ್ಥೆಯಲ್ಲಿ ಎರಡು ಅಂಶಗಳಿವೆ. ಮಾರುಕಟ್ಟೆ ಎಷ್ಟೇ ಕುಸಿದರೂ ಬೆಳೆಗಾರನಿಗೆ ದೊರೆಯಲೇಬೇಕಾದ ಕನಿಷ್ಠ ಬೆಲೆ ಒಂದು. ಪ್ರತಿ ಪೆಟ್ಟಿಗೆಗೆ 1 ಡಾಲರ್‌ನಂತೆ ರೈತರ ಸಹಕಾರ ಸಂಘಕ್ಕೆ ಅಥವಾ ಕಾರ್ಮಿಕರ ಸಮಿತಿಗೆ ಸಲ್ಲುವ ಹೆಚ್ಚುವರಿ ಹಣ ಇನ್ನೊಂದು. ಶಾಲೆ, ಮನೆ, ಆಸ್ಪತ್ರೆ ಇತ್ಯಾದಿ ಯಾವುದಕ್ಕೆ ಈ ಹಣ ಬಳಸಬೇಕೆಂದು ಅವರೇ ತೀರ್ಮಾನಿಸುತ್ತಾರೆ. ಹಸಿರು ಕಪ್ಪೆಯ ಚಿಹ್ನೆಯ ರೇನ್‌ಫಾರೆಸ್ಟ್ ಅಲಯನ್ಸ್ ಮುದ್ರೆ ಅರಣ್ಯ, ನೀರು, ರಾಸಾಯನಿಕ ಬಳಕೆ ಹಾಗೂ ಕಾರ್ಮಿಕರ ಸ್ಥಿತಿಗೆ ಸಂಬಂಧಿಸಿದ ನಿಯಮಗಳನ್ನು ಹೊಂದಿದೆ. ಆದರೆ ಬೆಳೆಗಾರನಿಗೆ ಫೇರ್‌ಟ್ರೇಡ್ ಮಾದರಿಯ ಕನಿಷ್ಠ ಬೆಲೆಯ ಖಾತರಿ ಅದರಲ್ಲಿಲ್ಲ. ಮುದ್ರೆಗಳೆಲ್ಲ ಒಂದೇ ಅಲ್ಲ ಎಂಬುದನ್ನು ಗ್ರಾಹಕರು ಗಮನಿಸಬೇಕಾದ್ದು ಇಲ್ಲಿಯೇ.

ಮುದ್ರೆಗಳಿಗೆ ಇನ್ನೊಂದು ಮಿತಿಯೂ ಇದೆ. ತಪಾಸಣೆಯ ಖರ್ಚು, ದಾಖಲೆ ನಿರ್ವಹಣೆ, ತೋಟದ ಸುಧಾರಣೆ ಬಹುತೇಕ ಬೆಳೆಗಾರನ ಹೆಗಲಿಗೆ ಬೀಳುತ್ತವೆ. ಮಳಿಗೆಯ ಖರೀದಿ ವಿಭಾಗ ಮಾತ್ರ ದರ ಇಳಿಸಲು ಚೌಕಾಸಿ ಮುಂದುವರಿಸಬಹುದು. ಒಂದೇ ಸಂಸ್ಥೆಯ ಒಂದು ವಿಭಾಗ ಕಾರ್ಮಿಕರ ಹಿತದ ನಿಯಮ ಪಾಲಿಸಲು ಸೂಚಿಸುತ್ತಿರುವಾಗ ಇನ್ನೊಂದು ವಿಭಾಗ ಅದನ್ನು ಪಾಲಿಸಲಾಗದಂತಹ ದರ ಕೇಳುವುದು ಸಾಧ್ಯ. ತೋಟದ ತಪಾಸಣೆ ನಡೆಯುತ್ತದೆ. ಖರೀದಿ ಒಪ್ಪಂದದ ತಪಾಸಣೆ ನಡೆಯುವುದು ವಿರಳ. ಸೂಪರ್‌ಮಾರ್ಕೆಟ್‌ಗಳ ಹೊಣೆಯ ಕುರಿತ ಇಡೀ ಚರ್ಚೆಯ ತಿರುಳು ಈ ಅಂತರದಲ್ಲಿದೆ.

ಕಾನೂನಿನ ಹೆಜ್ಜೆಗಳು

ಸ್ವಇಚ್ಛೆಯ ಕ್ರಮಗಳು ಸಾಲವು ಎಂಬ ಅರಿವು ಮೂಡಿದಂತೆ ಕಾನೂನುಗಳು ಬಂದವು. ಇವುಗಳಲ್ಲಿ ಎರಡು ಬಗೆ. ಮೊದಲನೆಯದು ಖರೀದಿಯ ರೀತಿಯನ್ನೇ ನಿಯಂತ್ರಿಸುವಂಥದ್ದು. ಬ್ರಿಟನ್‌ನಲ್ಲಿ ಸ್ಪರ್ಧಾ ಆಯೋಗದ 2008ರ ವರದಿಯ ಫಲವಾಗಿ 2010ರಲ್ಲಿ ದಿನಸಿ ಪೂರೈಕೆ ಸಂಹಿತೆ ಜಾರಿಗೆ ಬಂತು. 2013ರ ಕಾಯ್ದೆಯಡಿ ಅದರ ಪಾಲನೆಗೆ ಪ್ರತ್ಯೇಕ ಅಧಿಕಾರಿಯ ನೇಮಕವಾಯಿತು. ಮೊದಲ ಅಧಿಕಾರಿ ಕ್ರಿಸ್ಟೀನ್ ಟ್ಯಾಕನ್ 2016ರಲ್ಲಿ, ಪೂರೈಕೆದಾರರಿಗೆ ಹಣ ಪಾವತಿ ವಿಳಂಬಿಸಿದ ಟೆಸ್ಕೊ ಸಂಹಿತೆಯನ್ನು ಗಂಭೀರವಾಗಿ ಉಲ್ಲಂಘಿಸಿದೆ ಎಂದು ತೀರ್ಮಾನಿಸಿದರು. ಆದರೆ ಈ ಸಂಹಿತೆಯ ರಕ್ಷಣೆ ಮಳಿಗೆಗೆ ನೇರವಾಗಿ ಪೂರೈಸುವವರಿಗೆ ಮಾತ್ರ. ಆಮದುದಾರನ ಮೂಲಕ ಮಾರುವ ಇಕ್ವೆಡಾರ್‌ನ ಸಣ್ಣ ರೈತ ಅದರ ವ್ಯಾಪ್ತಿಗೆ ಬರುವುದಿಲ್ಲ.

ಯುರೋಪಿಯನ್ ಒಕ್ಕೂಟದ 2019ರ ನಿರ್ದೇಶನ ಇದಕ್ಕಿಂತ ಮುಂದೆ ಹೋಯಿತು. ಬೇಗ ಕೆಡುವ ಆಹಾರ ಪದಾರ್ಥಗಳಿಗೆ 30 ದಿನದೊಳಗೆ ಹಣ ಕೊಡಬೇಕು, ಕೊನೆಯ ಗಳಿಗೆಯಲ್ಲಿ ಬೇಡಿಕೆ ರದ್ದುಪಡಿಸಬಾರದು ಎಂದು ಅದು ವಿಧಿಸಿತು. ಒಕ್ಕೂಟದ ಹೊರಗಿನ ಪೂರೈಕೆದಾರರಿಗೂ ಇದು ಅನ್ವಯಿಸುತ್ತದೆ.

ಎರಡನೆಯ ಬಗೆಯದು ಪೂರೈಕೆ ಸರಪಳಿಯಲ್ಲಿನ ಮಾನವ ಹಕ್ಕುಗಳ ಉಲ್ಲಂಘನೆಗೆ ಕಂಪನಿಯನ್ನೇ ಉತ್ತರದಾಯಿಯಾಗಿಸುವ ಕಾನೂನು. ಬ್ರಿಟನ್‌ನ 2015ರ ಆಧುನಿಕ ಗುಲಾಮಗಿರಿ ಕಾಯ್ದೆ 3.6 ಕೋಟಿ ಪೌಂಡ್‌ಗಿಂತ ಹೆಚ್ಚು ವಹಿವಾಟಿನ ಕಂಪನಿಗಳು ವಾರ್ಷಿಕ ಹೇಳಿಕೆ ಪ್ರಕಟಿಸಬೇಕೆಂದು ಹೇಳುತ್ತದೆ. ಫ್ರಾನ್ಸ್ 2017ರಲ್ಲಿ ಇದಕ್ಕಿಂತ ಕಟ್ಟುನಿಟ್ಟಾದ ಕಾನೂನು ತಂದಿತು. ಜರ್ಮನಿಯ ಪೂರೈಕೆ ಸರಪಳಿ ಕಾಯ್ದೆ 2021ರಲ್ಲಿ ಅಂಗೀಕಾರವಾಗಿ 2023ರ ಜನವರಿ 1ರಿಂದ ಜಾರಿಗೆ ಬಂತು. ಅದರಡಿ ಜರ್ಮನಿಯ ದೊಡ್ಡ ಸರಣಿಗಳ ವಿರುದ್ಧ ಇಕ್ವೆಡಾರ್‌ನ ಬಾಳೆ ಕಾರ್ಮಿಕರ ಸಂಘಟನೆ ಸ್ವಯಂಸೇವಾ ಸಂಸ್ಥೆಗಳ ಜೊತೆಗೂಡಿ ಅಲ್ಲಿನ ಪ್ರಾಧಿಕಾರಕ್ಕೆ ದೂರು ಸಲ್ಲಿಸಿತು. ತೋಟದ ಕಾರ್ಮಿಕ ತನ್ನ ಮಾಲೀಕನನ್ನಲ್ಲದೆ, ಸಾವಿರಾರು ಮೈಲಿ ದೂರದ ಮಳಿಗೆಯನ್ನೂ ಪ್ರಶ್ನಿಸಬಹುದಾದ ದಾರಿ ಹೀಗೆ ತೆರೆಯಿತು.

ಆದರೆ ಈ ದಾರಿ ನೇರವಾಗಿಲ್ಲ. ಇಂಥದೇ ಕಾನೂನನ್ನು ಎಲ್ಲ ಸದಸ್ಯ ದೇಶಗಳಿಗೆ ಅನ್ವಯಿಸುವ ನಿರ್ದೇಶನವನ್ನು ಯುರೋಪಿಯನ್ ಒಕ್ಕೂಟ 2024ರಲ್ಲಿ ಅಂಗೀಕರಿಸಿತು. ಕಂಪನಿಗಳ ಮೇಲೆ ಹೊರೆ ಹೆಚ್ಚಾಗುತ್ತದೆ ಎಂಬ ಕಾರಣ ನೀಡಿ 2025ರಲ್ಲಿ ಅದರ ಗಡುವನ್ನು ಮುಂದೂಡಿ, ವ್ಯಾಪ್ತಿಯನ್ನೂ ಕಿರಿದುಗೊಳಿಸಲು ಮುಂದಾಯಿತು.

ಜೀವನ ವೇತನದ ಭರವಸೆ

ಇತ್ತೀಚಿನ ವರ್ಷಗಳಲ್ಲಿ ಚರ್ಚೆ ‘ಕನಿಷ್ಠ ವೇತನ’ದಿಂದ ‘ಜೀವನ ವೇತನ’ದತ್ತ ಸರಿದಿದೆ. ಕಾನೂನು ನಿಗದಿಪಡಿಸಿದ ಕನಿಷ್ಠ ಕೂಲಿ ಕೈಗೆ ಬಂದರೂ ಆಹಾರ, ಬಾಡಿಗೆ, ಔಷಧ, ಮಕ್ಕಳ ಶಿಕ್ಷಣಕ್ಕೆ ಅದು ಸಾಲದೇ ಹೋಗಬಹುದು. ಆಯಾ ಪ್ರದೇಶದಲ್ಲಿ ಒಂದು ಕುಟುಂಬ ಮರ್ಯಾದೆಯಿಂದ ಬದುಕಲು ಬೇಕಾದ ಮೊತ್ತವನ್ನು ಲೆಕ್ಕಹಾಕಿ, ನಿಜ ಕೂಲಿಗೂ ಅದಕ್ಕೂ ಇರುವ ಕೊರತೆಯನ್ನು ತುಂಬುವುದು ಇದರ ಗುರಿ. ನೆದರ್‌ಲೆಂಡ್ಸ್‌ನ ಸರಣಿಗಳು 2019ರಲ್ಲಿ ಬಾಳೆಹಣ್ಣಿನ ವಿಷಯದಲ್ಲಿ ಈ ಕುರಿತು ಸಾಮೂಹಿಕ ಒಪ್ಪಂದ ಮಾಡಿಕೊಂಡವು. 2023ರಲ್ಲಿ ಬ್ರಿಟನ್‌ನ ಒಂಬತ್ತು ಪ್ರಮುಖ ಸರಣಿಗಳು 2027ರ ಅಂತ್ಯದೊಳಗೆ ಕೊರತೆ ತುಂಬುವತ್ತ ಕೆಲಸ ಮಾಡುವುದಾಗಿ ಘೋಷಿಸಿದವು.

ಈ ಭರವಸೆ ಈಡೇರುವುದು ಪೆಟ್ಟಿಗೆಗೆ ಕೊಡುವ ದರ ಏರಿದರೆ ಮತ್ತು ಆ ಏರಿಕೆ ಕಾರ್ಮಿಕನ ಕೈ ಸೇರಿದರೆ ಮಾತ್ರ. ಅದನ್ನು ಖಚಿತಪಡಿಸಿಕೊಳ್ಳಲು ತೋಟದಲ್ಲಿ ಸ್ವತಂತ್ರ ಕಾರ್ಮಿಕ ಸಂಘ ಇರಬೇಕು ಎಂಬುದು ಲ್ಯಾಟಿನ್ ಅಮೆರಿಕದ ಸಂಘಟನೆಗಳ ಬಲವಾದ ಅಭಿಪ್ರಾಯ. ವರ್ಷಕ್ಕೊಮ್ಮೆ ಬಂದುಹೋಗುವ ತಪಾಸಕನಿಗಿಂತ ದಿನವೂ ತೋಟದಲ್ಲಿರುವ ಸಂಘದ ಕಣ್ಣು ಹೆಚ್ಚು ಚುರುಕು.

ಏಕತಳಿಯ ಅಪಾಯ

ಅಗ್ಗದ ಹಣ್ಣಿನ ಬೆನ್ನುಹತ್ತಿದ ವ್ಯಾಪಾರ ಮಣ್ಣಿನ ಮೇಲೂ ತನ್ನ ಗುರುತು ಬಿಟ್ಟಿದೆ. ಕ್ಯಾವೆಂಡಿಶ್‌ಗೆ ಮೊದಲು ರಫ್ತಿನ ಮಾರುಕಟ್ಟೆಯಲ್ಲಿದ್ದ ಗ್ರೋ ಮಿಶೆಲ್ ತಳಿ ಪನಾಮಾ ಸೊರಗು ರೋಗಕ್ಕೆ ತುತ್ತಾಗಿ 1960ರ ದಶಕದ ವೇಳೆಗೆ ಮಾರುಕಟ್ಟೆಯಿಂದ ಕಣ್ಮರೆಯಾಯಿತು. ಈಗ ಅದೇ ರೋಗದ ‘ಟಿಆರ್-4’ ಎಂಬ ಪ್ರಭೇದ ಕ್ಯಾವೆಂಡಿಶ್ ತೋಟಗಳನ್ನೂ ನಾಶಮಾಡುತ್ತಿದೆ. ಲ್ಯಾಟಿನ್ ಅಮೆರಿಕದಲ್ಲಿ ಇದು ಮೊದಲು ದೃಢಪಟ್ಟಿದ್ದು 2019ರ ಆಗಸ್ಟ್‌ನಲ್ಲಿ, ಕೊಲಂಬಿಯಾದಲ್ಲಿ. 2021ರಲ್ಲಿ ಪೆರು ದೇಶದಲ್ಲೂ ಕಾಣಿಸಿಕೊಂಡಿತು. ಭಾರತದಲ್ಲಿ ಬಿಹಾರ ಮತ್ತು ಉತ್ತರ ಪ್ರದೇಶದ ತೋಟಗಳಲ್ಲಿ ಇದು ಪತ್ತೆಯಾಗಿದೆ. ಈ ಶಿಲೀಂಧ್ರ ಮಣ್ಣಿನಲ್ಲಿ ದಶಕಗಳ ಕಾಲ ಉಳಿಯುತ್ತದೆ; ಔಷಧದಿಂದ ಇದನ್ನು ನಿರ್ಮೂಲ ಮಾಡಲಾಗದು.

ಸೊರಗು ರೋಗ ಏನು ಮಾಡಬಲ್ಲದು ಎಂಬುದು ಕರ್ನಾಟಕಕ್ಕೆ ತಿಳಿಯದ ಸಂಗತಿಯಲ್ಲ. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ನಂಜನಗೂಡು ರಸಬಾಳೆಯ ಬೆಳೆ ಪ್ರದೇಶ ಕುಗ್ಗಲು ಪನಾಮಾ ರೋಗ ಮುಖ್ಯ ಕಾರಣ. ರೋಗ ತಡೆಗೆ ಬೇಲಿ, ಪಾದರಕ್ಷೆ ತೊಳೆಯುವ ತೊಟ್ಟಿ, ರೋಗಮುಕ್ತ ಸಸಿ, ಬೆಳೆ ಪರಿವರ್ತನೆ ಬೇಕು. ಇವೆಲ್ಲಕ್ಕೂ ಹಣ ಬೇಕು. ಪೆಟ್ಟಿಗೆಯ ದರ ಅದನ್ನು ಒಳಗೊಳ್ಳದಿದ್ದರೆ ಸುಸ್ಥಿರತೆಯ ಮಾತು ಕಾಗದದಲ್ಲೇ ಉಳಿಯುತ್ತದೆ.

ನಮ್ಮ ಮಳಿಗೆಗಳಲ್ಲಿ

ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿಯ ಮಳಿಗೆಗಳಲ್ಲಿ ವಾಷಿಂಗ್ಟನ್ ಸೇಬು, ನ್ಯೂಜಿಲೆಂಡ್‌ನ ಕಿವಿ, ಈಜಿಪ್ಟ್‌ನ ಕಿತ್ತಳೆ ದೊರೆಯುತ್ತವೆ. ಆಮದು ಹಣ್ಣಿಗೆ ಭಾರತದಲ್ಲಿ ಎರಡು ಮುಖ್ಯ ನಿಯಂತ್ರಣಗಳಿವೆ: ಕೀಟ, ರೋಗಗಳು ಒಳಬರದಂತೆ ನೋಡಿಕೊಳ್ಳುವ 2003ರ ಸಸ್ಯ ಸಂಗರೋಧ ಆದೇಶ ಮತ್ತು ತಿನ್ನುವವರ ಆರೋಗ್ಯ ಕಾಯುವ 2006ರ ಆಹಾರ ಸುರಕ್ಷತಾ ಕಾಯ್ದೆ. ಇವೆರಡರ ದೃಷ್ಟಿ ಹಣ್ಣಿನ ಮೇಲಿದೆ. ಬೆಳೆದವರ ಕೂಲಿ, ಸ್ಥಿತಿಗತಿಗಳ ಮೇಲಲ್ಲ.

ಕರ್ನಾಟಕ ಈ ಸರಪಳಿಯ ಇನ್ನೊಂದು ತುದಿಯಲ್ಲೂ ಇದೆ. ರಾಜ್ಯದ ಸಣ್ಣ ರೈತರು ಒಪ್ಪಂದ ಬೇಸಾಯದಲ್ಲಿ ಬೆಳೆಯುವ ಮಿಡಿಸೌತೆ ಉಪ್ಪಿನಕಾಯಿಯಾಗಿ ಯುರೋಪ್ ಮತ್ತು ಅಮೆರಿಕದ ಮಾರುಕಟ್ಟೆ ಸೇರುತ್ತದೆ. ದೂರದ ಖರೀದಿದಾರ ಗಾತ್ರ, ದರ, ದಿನಾಂಕ ನಿಗದಿಪಡಿಸಿದಾಗ ಅದರ ಬಿಸಿ ಹೊಲದಲ್ಲಿ ಹೇಗೆ ತಟ್ಟುತ್ತದೆ ಎಂಬುದನ್ನು ಈ ರೈತರು ಬಲ್ಲರು.

ಒಂದು ಸರಣಿ ತನ್ನ ಹೊಣೆಯನ್ನು ನಿಜಕ್ಕೂ ಹೊತ್ತಿದೆಯೇ ಎಂದು ಅಳೆಯಲು ಕೆಲವು ಪ್ರಶ್ನೆಗಳು ಸಾಕು. ಹಣ್ಣು ಯಾವ ದೇಶದ, ಯಾವ ತೋಟದಿಂದ ಬಂದಿದೆ ಎಂದು ಅದು ಬಹಿರಂಗಪಡಿಸುತ್ತದೆಯೇ? ಬೆಳೆಗಾರನೊಂದಿಗಿನ ಒಪ್ಪಂದ ಹಲವು ವರ್ಷಗಳದ್ದೇ, ವಾರದ ಚೌಕಾಸಿಯದೇ? ಕೊಡುವ ದರ ಬೆಳೆಯುವ ವೆಚ್ಚ ಮತ್ತು ಜೀವನ ವೇತನವನ್ನು ಒಳಗೊಂಡಿದೆಯೇ? ಕಾರ್ಮಿಕನ ದೂರು ಮಳಿಗೆಯವರೆಗೆ ತಲುಪುವ ದಾರಿ ಇದೆಯೇ? ಮುದ್ರೆ ಹಣ್ಣಿನ ಸಿಪ್ಪೆಯ ಮೇಲಿರುತ್ತದೆ. ಹೊಣೆ ಇರುವುದು ಮಳಿಗೆ ಸಹಿ ಹಾಕುವ ಖರೀದಿ ಪತ್ರದಲ್ಲಿ.